ಅತ್ತಿಗೆಯ ಪರವಾಗಿ ಸೈಕಲ್

ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವ ಸೈಕಲ್ ಯಾತ್ರೆಗೆ ಸೇರುವುದಾಗಿ ನಾನು ಘೋಷಿಸಿದ್ದು ಅಣ್ಣನ ಮನೆಯಲ್ಲಿ, ಊಟಕ್ಕೆ ಕೂತಾಗ. ಅಲ್ಲಿಯವರೆಗೆ ನನ್ನ ದೇಹ ಕಂಡಿದ್ದ ದೊಡ್ಡ ವ್ಯಾಯಾಮವೆಂದರೆ ನನ್ನ ಕನ್ನಡಕದಂಗಡಿಯ ಶಟರ್ ಎತ್ತುವುದು. ಈಚೆಗೆ ಅದನ್ನೂ ಪಕ್ಕದ ಔಷಧಿ ಅಂಗಡಿಯವನೇ ಎತ್ತಿಕೊಡುತ್ತಿದ್ದ.

ನಿಜವಾಗಿ ಸೇರಬೇಕೆಂದಿದ್ದವರು ಅತ್ತಿಗೆ. ಅವರ ಕ್ಯಾನ್ಸರ್ ಚಿಕಿತ್ಸೆ ಮುಗಿದು ವರ್ಷ ದಾಟಿತ್ತು. ಸೈಕಲ್ ತುಳಿಯಲು ಡಾಕ್ಟರೂ ಒಪ್ಪಿದ್ದರು. ಅಣ್ಣ ಮಾತ್ರ ಬೇಡವೇ ಬೇಡವೆಂದು ಹಟ ಹಿಡಿದ. ಆಗ ನಾನು ಎದೆಯುಬ್ಬಿಸಿ, ಅತ್ತಿಗೆಯ ಪರವಾಗಿ ನಾನೇ ತುಳಿಯುತ್ತೇನೆ ಎಂದುಬಿಟ್ಟೆ. ಅಣ್ಣನ ಕಣ್ಣು ತುಂಬಿತು. ಅತ್ತಿಗೆ ತಟ್ಟೆಗಳನ್ನು ತುಸು ಸದ್ದಾಗುವಂತೆಯೇ ಪೇರಿಸಿಕೊಂಡು ಒಳಗೆ ಹೋದರು. ಮರುದಿನ, ದಾರಿಯಲ್ಲಿ ಸೋತು ಕೂತವರನ್ನು ಹತ್ತಿಸಿಕೊಳ್ಳುವ ಹಿಂಬದಿಯ ವ್ಯಾನ್ ಓಡಿಸಲು ತಮ್ಮ ಹೆಸರು ಕೊಟ್ಟು ಬಂದರು.

ನಾನೂ ಸುಮ್ಮನಿರಲಿಲ್ಲ. ಕಣ್ಣು ಪರೀಕ್ಷೆಯ ಯಂತ್ರಕ್ಕೆ ಗದ್ದವೂರಿ ಅಲುಗಾಡದೆ ಕೂತ ಗಿರಾಕಿಗಳ ಬಳಿ ದೇಣಿಗೆ ಕೇಳಿದೆ, ತಪ್ಪಿಸಿಕೊಳ್ಳಲಾರದೆ ಕೊಟ್ಟರು. ಮೆತ್ತೆ ಹೊಲಿದ ಚಡ್ಡಿ ಕೊಂಡೆ. ಮೆತ್ತೆ ಹಿಂದುಗಡೆ ಬರಬೇಕೆಂದು ಯಾತ್ರೆಯ ಬೆಳಿಗ್ಗೆ ಸ್ವಯಂಸೇವಕಿಯೊಬ್ಬರು ಮೆಲ್ಲಗೆ ತಿಳಿಸಿದರು.

ಗೋಡೌನುಗಳ ಬೀದಿ ಮುಗಿಯುವವರೆಗೆ ತೇಲಿಕೊಂಡೇ ಹೋದೆ. ರೈಲ್ವೆ ಮೇಲ್ಸೇತುವೆಯ ಏರು ಬಂದದ್ದೇ ತಡ, ತೊಡೆಗಳು ಮುಷ್ಕರ ಹೂಡಿದವು. ಮೊಮ್ಮಗಳೊಂದಿಗೆ ಹರಟುತ್ತಾ ಬಂದ ಅಜ್ಜಿಯೂ ನನ್ನನ್ನು ಹಿಂದೆ ಹಾಕಿದರು. ಕೊನೆಗುಳಿದದ್ದು ನಾನು, ಬೆನ್ನ ಹಿಂದೆ ಗುರುಗುಡುವ ವ್ಯಾನ್. ಅತ್ತಿಗೆ ಹಾರ್ನ್ ಒತ್ತಲಿಲ್ಲ. ಒತ್ತಿದ್ದರೆ ಸಿಟ್ಟಿಗಾದರೂ ಇನ್ನೆರಡು ಸುತ್ತು ತುಳಿಯುತ್ತಿದ್ದೆ.

ಸೇತುವೆಯ ನೆತ್ತಿಯಲ್ಲಿ ಸೈಕಲ್ ಒರಗಿಸಿ ಕುಸಿದು ಕೂತೆ. ಅತ್ತಿಗೆ ನೀರಿನ ಬಾಟಲಿ ಹಿಡಿದು ಇಳಿದು ಬಂದರು.

"ನನ್ನ ಪರವಾಗಿ ತುಳಿದಿದ್ದು ಸಾಕೇನಪ್ಪಾ?"

"ಸಾಕು ಅತ್ತಿಗೆ. ನೀವು ಎಷ್ಟು ಕಷ್ಟಪಟ್ರಿ ಅಂತ ಈಗ ಅರ್ಥ ಆಯ್ತು."

"ನಿನ್ನ ತೊಡೆನೋವಿಗೂ ನನ್ನ ಕಾಯಿಲೆಗೂ ಏನೂ ಸಂಬಂಧ ಇಲ್ಲ," ಎಂದರು. "ಹೆಲ್ಮೆಟ್ ಕೊಡು. ಕೀ ವ್ಯಾನಲ್ಲೇ ಇದೆ."

ಅಣ್ಣನಿಗೆ ಏನು ಹೇಳಲಿ ಎಂದು ಕೇಳಿದೆ.

"ನೀನೇನೂ ಹೇಳ್ಬೇಡ. ನಾನೇ ಹೋಗಿ ಅವರ ಮುಂದೆ ನಿಂತ್ಕೋತೀನಿ."

ಸೀಟು ತಗ್ಗಿಸಿಕೊಂಡು ಇಳಿಜಾರಿನಲ್ಲಿ ಹೊರಟೇಬಿಟ್ಟರು. ನಾನು ವ್ಯಾನ್ ಹತ್ತಿ ಸ್ಟೀರಿಂಗ್ ಹಿಡಿದೆ. ಒಳಗೆ ಆಗಲೇ ಸೋತು ಕೂತಿದ್ದ ನಿವೃತ್ತ ಮೇಷ್ಟರೊಬ್ಬರು ಆಕೆ ಯಾರೆಂದು ವಿಚಾರಿಸಿದರು. ನಮ್ಮ ಅತ್ತಿಗೆ ಎಂದೆ, ನಾನೇ ತುಳಿಯುತ್ತಿರುವವನ ಗತ್ತಿನಲ್ಲಿ. ನಡುವೆ ಅತ್ತಿಗೆ ನಿಂತು ಉಸಿರು ತಿರುಗಿಸಿಕೊಳ್ಳುವಾಗ ನಾನು ವ್ಯಾನಿನ ಬಾಗಿಲು ತೆರೆದೆ. ಮುಚ್ಚು ಎಂದು ಕೈಯಾಡಿಸಿದರು.

ಯಾತ್ರೆ ಮುಗಿಯುವ ಮೈದಾನದ ಬಾಗಿಲಲ್ಲಿ ನನಗಾಗಿ ಕಾದಿದ್ದ ಅಣ್ಣ, ಸೈಕಲ್ ಮೇಲೆ ಹೆಂಡತಿಯನ್ನು ಕಂಡು ಬಿಳಿಚಿಕೊಂಡ. ಆಮೇಲೆ ಆಫೀಸಿನ ಬೂಟಿನಲ್ಲೇ ಸೈಕಲ್ ಪಕ್ಕ ಓಡತೊಡಗಿದ, ಸೀಟಿನ ಹಿಂದೆ ಒಂದು ಕೈ ಚಾಚಿಕೊಂಡು. ನೀವು ಬೀಳ್ತೀರಿ, ದೂರ ಸರೀರಿ ಎಂದು ಅತ್ತಿಗೆ ಗದರಿದರು. ಅವನು ಸರಿಯಲಿಲ್ಲ, ಇಬ್ಬರೂ ಗೆರೆ ದಾಟಿದರು. ಸೈಕಲ್ಲಿನ ನಂಬರ್ ನೋಡಿದ ಮೈಕಿನವನು, ಕನ್ನಡಕದಂಗಡಿಯ ಯಜಮಾನರು ಗುರಿ ಮುಟ್ಟಿದ್ದಾರೆಂದು ಸಾರಿದ. ಎಲ್ಲರ ಜೊತೆ ನಾನೂ ವ್ಯಾನಿನಲ್ಲಿ ಕೂತೇ ಚಪ್ಪಾಳೆ ತಟ್ಟಿದೆ.

ಇಳಿಯಲು ನೋಡಿದರೆ ಮಡಚಿದ ಕಾಲು ನೆಟ್ಟಗಾಗಲಿಲ್ಲ. ಅಣ್ಣನೇ ಬಂದು ಕಂಕುಳಿಗೆ ಕೈಕೊಟ್ಟು ಇಳಿಸಬೇಕಾಯಿತು.

"ಬೇಗ ಬಾರೋ," ಎಂದ. "ಅವಳಿಗೆ ಹೊಟ್ಟೆ ಹಸಿದಿದೆಯಂತೆ."