ಸೊಂಡಿಲಿಲ್ಲದ ಆನೆ

ನಮ್ಮಪ್ಪ ಬಡಗಿ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನ ಮನೆಯ ಬಚ್ಚಲಿಗೆ ಮಾತ್ರ ಬಾಗಿಲಿಲ್ಲ. ಹಳೇ ಬೆಡ್‌ಶೀಟೇ ಗತಿ. ಒಳಗೆ ಜನ ಇದ್ದಾರೆಂದು ತಿಳಿಯಲಿ ಎಂದು ಸ್ನಾನಕ್ಕೆ ಹೋದವರು ಹಾಡುತ್ತಲೇ ಇರಬೇಕು. ಅಜ್ಜಿಗೆ ಬರುವುದು ಲಾಲಿ ಹಾಡೊಂದೇ. ಬಾಗಿಲು ಯಾವಾಗ ಎಂದು ಕೇಳಿದರೆ ಅಪ್ಪನದು ಒಂದೇ ಮಾತು: "ಇನ್ನೇನು, ನಾಳೆ ಆಗೋಗುತ್ತೆ."

ಈಚೆಗೆ ಮನೆಮಂದಿಯೆಲ್ಲ ಒಂದು ಪುರಾತನ ದೇವಸ್ಥಾನಕ್ಕೆ ಹೋದೆವು. ಹೊರಗೋಡೆಯ ಮೇಲೆ ಕಲ್ಲಾನೆಗಳ ಸಾಲು. ಕೊನೆಯದಕ್ಕೆ ಸೊಂಡಿಲೇ ಇಲ್ಲ. ಅರ್ಚಕರು ಸ್ಥಳಪುರಾಣ ಬಿಚ್ಚಿದರು: "ದೇವತೆಗಳು ಒಂದೇ ರಾತ್ರೀಲಿ ಕಟ್ಟಿದ್ದು. ಬೆಳಗಾಗೋದ್ರೊಳಗೆ ಮುಗಿಸ್ಬೇಕು ಅಂತ ಮಾತಾಗಿತ್ತು. ಅಷ್ಟರಲ್ಲಿ ಕೋಳಿ ಕೂಗಿಬಿಡ್ತು. ಉಳಿ ಸುತ್ತಿಗೆ ಅಲ್ಲೇ ಬಿಟ್ಟು ಹೊರಟುಹೋದ್ರು."

ಅಂದಿನಿಂದ ಸೊಂಡಿಲಿಗೆ ಕಾದು ನಿಂತ ಆ ಆನೆಯ ಸಂಕಟ ನಮ್ಮ ಮನೆಯವರಿಗೆ ಚೆನ್ನಾಗಿ ಅರ್ಥವಾಯಿತು. ಅಪ್ಪನಿಗೆ ಮಾತ್ರ ಎದೆ ಉಬ್ಬಿತು.

"ಕೇಳಿಸ್ಕೊಂಡ್ಯಾ?" ಎಂದು ಅಮ್ಮನ ಕಡೆ ತಿರುಗಿದ. "ದೇವತೆಗಳೇ ಅರ್ಧಕ್ಕೆ ಬಿಟ್ಟಿದಾರೆ. ಇನ್ನು ನಾನ್ಯಾವ ಲೆಕ್ಕ?"

ಅಮ್ಮ ಆನೆಗೊಮ್ಮೆ ಕೈಮುಗಿದಳು. ಆಮೇಲೆ ತಣ್ಣಗೆ ಹೇಳಿದಳು:

"ಅವ್ರು ಕೋಳಿ ಕೂಗಿದ್ಮೇಲೆ ಕೆಲ್ಸ ಬಿಟ್ರು. ನೀವು ಕೋಳಿ ಕೂಗಿದ್ಮೇಲಾದ್ರೂ ಶುರು ಮಾಡಿ."