ಹೂಮಳೆಯ ಇಂಗ್ಲಿಷು

ಕೊಟ್ಟಿಗೆಹಾರದಿಂದ ಹೊರನಾಡಿನವರೆಗೆ ಜಾಲಾಡಿದರೂ ನನ್ನಂಥ ಇಂಗ್ಲಿಷ್ ಮೇಷ್ಟ್ರು ಇನ್ನೊಬ್ಬ ಸಿಗಲಿಕ್ಕಿಲ್ಲ. ನಾನು ಪಾಠ ಶುರುಮಾಡಿದರೆ ಶಾಲೆ ಹಿಂದಿನ ಸಿಲ್ವರ್ ಮರದ ಮಂಗಗಳೂ ‘ಗುಡ್ ಮಾರ್ನಿಂಗ್ ಸಾರ್’ ಅನ್ನುತ್ತವೆ. ಅನ್ನದೇ ಇದ್ದವಳು ಎರಡನೇ ಕ್ಲಾಸಿನ ರಕ್ಷಾ ಒಬ್ಬಳೇ.

ಮಾರ್ಚ್ ತಿಂಗಳಲ್ಲೊಂದು ದಿನ ಅವಳಪ್ಪ ದೇವರಾಜಣ್ಣ ಬಂದರು. ಕಳಸದ ಹತ್ತಿರ ಸಣ್ಣ ಕಾಫಿ ತೋಟ ಅವರದು. ಬಾಗಿಲಲ್ಲೇ ನಿಂತು ಹೇಳಿದರು:

“ಷಡಕ್ಷರಿ ಮೇಷ್ಟ್ರೇ, ಎರಡು ವರ್ಷ ಆಯ್ತು, ಮಗಳ ಬಾಯಲ್ಲಿ ಒಂದು ಇಂಗ್ಲಿಷ್ ಮಾತಿಲ್ಲ. ಸೋಮವಾರ ಬರ್ತೇನೆ. ಮಾತಾಡಿದ್ರೆ ಇಲ್ಲೇ ಇರ್ಲಿ. ಇಲ್ಲಾಂದ್ರೆ ಟೀಸಿ ಕೊಡಿ, ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹಾಕ್ತೇನೆ.”

ಅವಳು ಹೋದರೆ ಅವಳ ಹಿಂದೆ ಉಳಿದವರೂ ಪೇಟೆ ಶಾಲೆಯ ಜೀಪು ಹತ್ತುತ್ತಾರೆ. ಆಮೇಲೆ ಶಾಲೆಗೆ ಬೀಗ. ಇಡೀ ಶಾಲೆಗೆ ಮೇಷ್ಟ್ರೂ ಹೆಡ್‌ಮಾಸ್ಟರೂ ನಾನೊಬ್ಬನೇ.

ಅವತ್ತೇ ಇಡೀ ಕ್ಲಾಸನ್ನು ಗಂಟಲು ಹರಿಯುವಂತೆ ಕೇಳಿದೆ: “ಹೌ ಆರ್ ಯೂ?”

“ಐ ಆಮ್ ಫೈನ್, ಥ್ಯಾಂಕ್ಯೂ!” ಹೆಂಚು ಹಾರುವಂಥ ಕೂಗು. ಜ್ವರಕ್ಕೆ ಕಾವಲಿಯಂತೆ ಕಾದಿದ್ದ ಅಭಿಷೇಕನೂ ಫೈನ್. ಮೂಗಿನಿಂದ ಭದ್ರಾ ಹರಿಸುತ್ತಿದ್ದವನೂ ಫೈನ್. ರಕ್ಷಾ ಕಿಟಕಿ ನೋಡುತ್ತಿದ್ದಳು.

ತಲೆ ಕೆಟ್ಟು ಮರುದಿನ ಬೆಂಚಿನ ಮೇಲೆ ಅಂಗಡಿ ಹಾಕಿದೆ. ಸೋಪು, ಬಾಳೆಹಣ್ಣು, ಬೆಂಕಿಪೊಟ್ಟಣ. ಅಭಿಷೇಕ ಅಂಗಡಿಯವನು. ರಕ್ಷಾ ಬಂದು ‘ಗಿವ್ ಮೀ ಸೋಪ್, ಪ್ಲೀಸ್’ ಅಂದರೆ ಸಾಕು, ನನ್ನ ಜನ್ಮ ಸಾರ್ಥಕ.

ಬಂದಳು. ಬೆಂಚಿಗೆ ಮೊಣಕೈ ಊರಿ ನಿಂತಳು. “ನಿಮ್ಮಲ್ಲಿ ಎಷ್ಟು ಬಿತ್ತು ಮಾರಾಯ?”

“ಎಪ್ಪತ್ತು ಸೆಂಟ್. ನಿಮ್ಮಲ್ಲಿ?”

“ನಮ್ಗೆ ಎಲ್ಲಿ! ಬರೀ ಹನಿ.”

ಹೂಮಳೆಯ ಕಾಲ. ಕಾಫಿ ಹೂ ಬಿಡಲು ಬೇಕಾದ ಆ ಮಳೆ ಈ ಗುಡ್ಡಕ್ಕೆ ಬಿದ್ದರೆ ಆ ಗುಡ್ಡಕ್ಕೆ ಇಲ್ಲ. ಮನೆಮನೆಯಲ್ಲೂ ಮಳೆ ಅಳೆಯುವ ರೇನ್‌ಗೇಜ್, ಇಂಚಿಗೆ ನೂರು ಸೆಂಟು. ಮಳೆ ವಿಚಾರಿಸದೆ ಸೋಪು ಕೇಳುವವನನ್ನು ನಮ್ಮ ಕಡೆ ಮನುಷ್ಯ ಅನ್ನುವುದಿಲ್ಲ. ಇಡೀ ಕ್ಲಾಸು ಬೆಂಚಿಗೆ ಮುತ್ತಿತು. ಸೋಪನ್ನು ಕೇಳುವವರೇ ಇಲ್ಲ.

“ಕನ್ನಡ ಸಾಕು! ಇಂಗ್ಲಿಷ್!” ಅಂತ ಗುಡುಗಿದೆ. ಗುಡುಗಿಗೆ ಕುದುರೆಮುಖವೇ ಅಲುಗಿರಬೇಕು. ರಕ್ಷಾ ಅಲುಗಲಿಲ್ಲ.

“ಹಾಗಾದ್ರೆ ಎಷ್ಟು ಮಳೆ ಅಂತ ಇಂಗ್ಲಿಷಲ್ಲಿ ಹೇಗೆ ಕೇಳೋದು ಸಾರ್?”

ಎರಡು ವರ್ಷದಲ್ಲಿ ಅವಳು ನನಗೆ ಕೇಳಿದ ಮೊದಲ ಪ್ರಶ್ನೆ. ಪುಸ್ತಕದಲ್ಲಿ ಅದಿಲ್ಲ. ‘ಹೌ ಮಚ್ ರೇನ್?’ ಅಂತ ಬೋರ್ಡಿಗೆ ಬರೆದೆ. ಆಮೇಲೆ ಅವರ ಬಾಯಿ ಮುಚ್ಚಿಸುವುದೇ ಕಷ್ಟವಾಯಿತು. ‘ಹೌ ಆರ್ ಯೂ’ ಅಂದರೆ ಎದುರಿನವನ ಉತ್ತರ ಮೊದಲೇ ಗೊತ್ತು; ಮಳೆಯ ಲೆಕ್ಕ ಅವನು ಬಾಯಿ ಬಿಟ್ಟರಷ್ಟೇ ಗೊತ್ತಾಗುವುದು.

ಭಾನುವಾರ ಮತ್ತೆ ಮಳೆ. ಸೋಮವಾರ ಬೆಳಿಗ್ಗೆ ದೇವರಾಜಣ್ಣ ಜಗಲಿ ಹತ್ತಿದ್ದೇ ತಡ, ಮೀಸೆ ತಿರುವಿದರು. “ನಮ್ಮ ತೋಟಕ್ಕೆ ಒಂದೂವರೆ ಇಂಚು ಮೇಷ್ಟ್ರೇ!”

“ನೋ ಅಪ್ಪಾ,” ಒಳಗಿಂದ ರಕ್ಷಾ. “ಥರ್ಟಿ ಸೆಂಟ್. ಓನ್ಲಿ ಥರ್ಟಿ!”

ಕ್ಲಾಸು ಹೋ ಅಂತ ನಕ್ಕಿತು. ದೇವರಾಜಣ್ಣನ ಮುಖ ಕಾಫಿ ಹಣ್ಣಾಯಿತು, ಮರುಕ್ಷಣ ಅರಳಿತು. “ಎಲಾ ಇವಳ! ಅಪ್ಪನ ಸುಳ್ಳನ್ನ ಇಂಗ್ಲಿಷಲ್ಲಿ ಹಿಡಿದ್ಲಲ್ಲ!”

ನಾನು ಉಬ್ಬಿದ ರಭಸಕ್ಕೆ ಅಂಗಿಯ ಎರಡು ಗುಂಡಿ ಕಿತ್ತುಹೋದವು.

“ಮೇಷ್ಟ್ರೇ, ನೀವು ದೊಡ್ಡವ್ರು,” ಕೈ ಮುಗಿದರು. “ಇಷ್ಟು ಚುರುಕಿನವಳನ್ನ ಇಲ್ಲಿಟ್ಟು ಹಾಳು ಮಾಡ್ಲಿಕ್ಕಾಗ್ತದಾ? ಪೇಟೆ ಶಾಲೆಯಲ್ಲಿ ಇಂಟರ್‌ವ್ಯೂ ಮಾಡ್ತಾರಂತೆ, ಅದೇ ಹೆದರಿಕೆ ಇತ್ತು. ಈಗ ಧೈರ್ಯ ಬಂತು. ಟೀಸಿ ಕೊಡಿ.”

“ಮಾತಾಡಿದ್ರೆ ಇಲ್ಲೇ ಅಂತ ನೀವೇ ಹೇಳಿದ್ರಲ್ಲ!”

“ಅದು, ಮಾತಾಡಲ್ಲ ಅಂದ್ಕೊಂಡು ಹೇಳಿದ್ದು ಮಾರಾಯ್ರೇ.”

ಹಲ್ಲು ಕಚ್ಚಿ ಟೀಸಿ ಬರೆಯಲು ಕೂತೆ. ಇಷ್ಟು ಚೆನ್ನಾಗಿ ಕಲಿಸಿ ಮಗುವನ್ನು ಕಳಕೊಂಡ ಮೇಷ್ಟ್ರು ಭೂಮಂಡಲದಲ್ಲಿ ನಾನೊಬ್ಬನೇ. ಒಳಗೆ ಅಭಿಷೇಕ, “ಹೌ ಮಚ್ ರೇನ್? ಹೌ ಮಚ್ ರೇನ್?” ಅಂತ ಗಂಟಲು ಹರಿದುಕೊಳ್ಳುತ್ತಿದ್ದ.

ಎದ್ದು ಹೋಗಿ ಅವನ ಬಾಯಿಗೆ ಕೈ ಅಡ್ಡ ಹಿಡಿದೆ. “ಮೆತ್ತಗೆ ಕೇಳೋ! ನಿಮ್ಮಪ್ಪ ಗೇಟಿನ ಹತ್ರಾನೇ ನಿಂತಿದ್ದಾರೆ, ಕೇಳಿಸ್ಕೊಂಡ್ರೆ ಅವ್ರೂ ಟೀಸಿ ಕೇಳ್ತಾರೆ!”