ಒಳಕೋಣೆಯ ಕೈಕೆಲಸ

ಚಿತ್ರದುರ್ಗದ ಹಳೇ ಪೇಟೆಯಲ್ಲಿ ಮಧ್ಯಾಹ್ನ ಎರಡರ ಮೇಲೆ ಗಿರಾಕಿಗಳು ಕಡಿಮೆ. ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಗಾಳಿ ಬೀಸಿದರೆ ಸಾಕು, ರೌಫ್ ಸಾಹೇಬರಿಗೆ ಕುರ್ಚಿಯಲ್ಲೇ ಜೊಂಪು ಹತ್ತುತ್ತಿತ್ತು. ಒಂದು ಕಾಲದಲ್ಲಿ ರೇಡಿಯೊ, ಆಮೇಲೆ ಟಿವಿ, ಈಗ ಕೊಳವೆಬಾವಿ ಮೋಟಾರಿನ ಸ್ಟಾರ್ಟರ್ ಬೋರ್ಡುಗಳು. ರಿಪೇರಿಗೆ ಬರುವ ಸಾಮಾನು ಬದಲಾದರೂ ಅಂಗಡಿಯ ಶಿಸ್ತು ಅವರ ಅಬ್ಬಾನ ಕಾಲದ್ದೇ. ಮುಂದೆ ಗಂಡಸರು ಕೂರಬೇಕು. ಪರದೆಯ ಹಿಂದಿನ ಒಳಕೋಣೆಯಲ್ಲಿ ಮನೆಯ ಹೆಣ್ಣುಮಕ್ಕಳು ಬೆಸುಗೆ ಹಾಕಬಹುದು, ಆದರೆ ಅದನ್ನು ಯಾರಿಗೂ ಹೇಳುವಂತಿಲ್ಲ.

ಅವತ್ತು ಹಿರೇಗುಂಟನೂರಿನ ಕಾಟಯ್ಯ ಬಂದು ಅವರನ್ನು ಎಬ್ಬಿಸಿದ.

“ಸಾಹೇಬ್ರೆ, ನಮ್ ಬೋರ್ಡ್ ಆತೇನ್ರಿ? ಬೇರೆ ಕಡೆ ತೋರ್ಸಿದ್ರೆ ಇದು ಸತ್ತೈತೆ, ಎಸೀರಿ ಅಂದ್ರು.”

“ಆಗೈತೆ, ತಗಳ್ರಿ.”

“ಯಾರ್ ಮಾಡಿದ್ದು, ನಿಮ್ ಮೊಮ್ಮಗ ಫರಾಜಾ?”

“ಹೂಂ, ಅವ್ನೇ.”

ಫರಾಜ್ ಆ ಹೊತ್ತಿಗೆ ಹಿರಿಯೂರಿನಲ್ಲಿ ಮೊಬೈಲ್ ಕವರ್ ಮಾರುತ್ತಿದ್ದ. ಬೆಸುಗೆ ಹಾಕಲು ಕೂರಿಸಿದರೆ ಬೆರಳು ಸುಟ್ಟುಕೊಳ್ಳುವ ಹುಡುಗ ಅವನು. ಬೋರ್ಡಿಗೆ ಜೀವ ಕೊಟ್ಟವಳು ಅವನ ತಂಗಿ ನೂರೀನ್. ಇಪ್ಪತ್ತಮೂರರ ಹುಡುಗಿ, ಡಿಪ್ಲೊಮಾ ಮುಗಿಸಿದವಳು. ಪರದೆಯ ಆಚೆಯಿಂದ ‘ಅವ್ನೇ’ ಎಂಬ ಮಾತು ಅವಳಿಗೆ ಕೇಳಿಸಿತು. ಎಷ್ಟು ಸಲ ಕೇಳಿಸಿತ್ತೆಂದರೆ ಅವಳು ತಲೆಯನ್ನೂ ಎತ್ತಲಿಲ್ಲ.

ಸಾಹೇಬರು ಸುಳ್ಳುಗಾರರೇನಲ್ಲ. ಗಿರಾಕಿಯ ಒಂದು ಸ್ಕ್ರೂ ಉಳಿದರೂ ಪೊಟ್ಟಣ ಕಟ್ಟಿ ವಾಪಸ್ ಕೊಡುವ ಮನುಷ್ಯ. ಈ ಒಂದು ಸುಳ್ಳು ಮಾತ್ರ ಅವರಿಗೆ ಸುಳ್ಳೆಂದೇ ಅನಿಸಿರಲಿಲ್ಲ, ಅದನ್ನು ಅವರು ಮರ್ಯಾದೆ ಎಂದುಕೊಂಡಿದ್ದರು.

ಕಾಟಯ್ಯ ಹೋದ ಮೇಲೆ ಮತ್ತೆ ಕಣ್ಣು ಮುಚ್ಚಿತು. ಈ ವಾರವೆಲ್ಲ ಅವರ ಜೊಂಪಿನಲ್ಲಿ ಬರುತ್ತಿದ್ದವಳು ಒಬ್ಬಳೇ, ತಂಗಿ ಅಂಜುಮ್. ನಲವತ್ತು ವರ್ಷದ ಹಿಂದೆ ಮದುವೆಯಾಗಿ ಗಂಡನ ಜೊತೆ ಅಮೆರಿಕಕ್ಕೆ ಹೋದವಳು, ಅಲ್ಲಿ ಚಿಪ್ ಮಾಡುವ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದ್ದಳು. ಅವಳ ಮೊದಲ ಫೋಟೊ ಬಂದಾಗ ಓಣಿಯೇ ನೆರೆದಿತ್ತು. ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು, ಕಣ್ಣೆರಡು ಮಾತ್ರ ಕಾಣುತ್ತಿದ್ದವು. ಧೂಳು ಬೀಳಬಾರದೆಂದು ಅಲ್ಲಿ ಎಲ್ಲರೂ ಹಾಕುವ ಉಡುಪು ಅದು. ಅಬ್ಬಾಗೆ ಅದೆಲ್ಲ ಏನು ಗೊತ್ತು? ‘ಆ ದೇಶದಲ್ಲೂ ನನ್ನ ಮಗಳು ಬುರ್ಖಾ ಬಿಟ್ಟಿಲ್ಲ ನೋಡ್ರಿ’ ಎಂದು ಮನೆಮನೆಗೆ ಬೂಂದಿ ಹಂಚಿದ್ದರು.

ಜೊಂಪಿನಲ್ಲಿ ರೌಫ್ ಸಾಹೇಬರಿಗೆ ಆ ಬಿಳಿ ಕೋಣೆ ಕಾಣುತ್ತಿತ್ತು. ನೆರಳೇ ಬೀಳದ ಬೆಳಕು, ಸದ್ದಿಲ್ಲದೆ ತೇಲಿದಂತೆ ಓಡಾಡುವ ಜನ. ನಡುವೆ ಅಂಜುಮ್, ಕೈಯಲ್ಲಿ ರೊಟ್ಟಿಯಷ್ಟು ಅಗಲದ ಕನ್ನಡಿಯಂಥ ಬಿಲ್ಲೆ. ಅದರ ಮೇಲೆ ಇರುವೆಯ ಕಣ್ಣಿಗೂ ಕಾಣದಷ್ಟು ಸಣ್ಣ ಓಣಿಗಳು, ಪೇಟೆಗಳು. ಇಂಥ ಬಿಲ್ಲೆಗಳಿಂದ ಚಿಪ್ ತಯಾರಿಸುವ ಕಂಪನಿಗೆ ಅವಳೇ ಈಗ ಒಡತಿ. ನಮ್ಮೂರ ಬಿಸಿಲು, ನಮ್ಮೂರ ಕರೆಂಟಿನ ಏರಿಳಿತವನ್ನು ತನ್ನ ಚಿಪ್ ತಡೆದುಕೊಳ್ಳುತ್ತದೆಯೇ ಎಂದು ನೋಡಲು ದುರ್ಗದಲ್ಲೇ ಒಂದು ಪರೀಕ್ಷಾ ಕೇಂದ್ರ ತೆರೆಯುತ್ತೇನೆ, ನಡೆಸಲು ಕೈ ಪಳಗಿದವರು ಬೇಕು, ನಾನೇ ಬಂದು ನೋಡುತ್ತೇನೆ ಎಂದು ಫೋನ್ ಮಾಡಿದ್ದಳು. ಸಾಹೇಬರು ಫರಾಜನ ಹೆಸರು ಹೇಳಿ, ನೂರೀನಳ ಕೆಲಸದ ಫೋಟೊ ಕಳಿಸಿದ್ದರು.

ಮರುದಿನ ಅಂಜುಮ್ ಬಂದಳು. ನರೆತ ಕೂದಲು, ಹತ್ತಿಯ ದುಪಟ್ಟಾ, ಮಾತು ಮಾತ್ರ ಅದೇ ದುರ್ಗದ್ದು. ಮನೆಗೂ ಹೋಗದೆ ನೇರ ಅಂಗಡಿಗೆ ಬಂದು ಸ್ಟೂಲ್ ಎಳೆದು ಕೂತಳು. ಒಳಗಿನಿಂದ ನೂರೀನ್ ಚಹಾ ತಂದಳು.

“ಫರಾಜ್ ಎಲ್ಲಿ ಭಾಯ್?”

“ಹಿರಿಯೂರಾಗೆ ಕೆಲ್ಸ ಐತೆ, ಸಂಜೀಕ್ ಬರ್ತಾನೆ.”

ಅಂಜುಮ್ ಫೋನಿನಲ್ಲಿ ಅವರೇ ಕಳಿಸಿದ ಫೋಟೊ ತೆರೆದು ಮುಂದೆ ಹಿಡಿದಳು. ಬೋರ್ಡು ಹಿಡಿದ ಬೆರಳುಗಳ ತುದಿ ಫೋಟೊದಲ್ಲಿ ಬಿದ್ದಿತ್ತು.

“ಫರಾಜ್ ಮೆಹಂದಿ ಹಾಕ್ಕಂತಾನಾ?”

ಚಹಾದ ತಟ್ಟೆ ಹಿಡಿದಿದ್ದ ನೂರೀನ್ ನಗು ತಡೆಯಲಾರದೆ ಮುಖ ತಿರುಗಿಸಿದಳು.

“ನೋಡು ಅಂಜುಮ್,” ಎಂದರು ಸಾಹೇಬರು, “ಹೊಸದುರ್ಗದಿಂದ ಇವ್ಳಿಗೆ ಒಳ್ಳೆ ಸಂಬಂಧ ಬಂದೈತೆ. ಹುಡ್ಗ ಅತೀಫ್, ಮೇಷ್ಟ್ರು. ಹುಡ್ಗಿ ಪೇಟೇಲಿ ಕುಂತು ಮೋಟಾರ್ ಬೋರ್ಡ್ ಬಿಚ್ತಾಳೆ ಅಂದ್ರೆ ಅವ್ರು ಏನಂತಾರೆ? ನೀನು ನಾಕು ದಿನ ಇದ್ದು ಹೋಗ್ತೀಯ. ಈ ಓಣೀಲಿ ಬಾಳೋರು ನಾವು. ನಾನೇನ್ ಅವ್ಳಿಗೆ ಕೆಲ್ಸ ಬೇಡ ಅಂದಿದೀನಾ? ಒಳಗೆ ಮಾಡ್ಲಿ ಅಂತೀನಿ.”

ಅಂಜುಮ್ ಸಿಟ್ಟು ಮಾಡಲಿಲ್ಲ. ಪರದೆಯನ್ನು ನೋಡುತ್ತಾ ಮೆಲ್ಲಗೆ ಮಾತಾಡಿದಳು.

“ನಾನೂ ಒಳಗೇ ಮಾಡ್ದೆ ಭಾಯ್. ಅಬ್ಬಾ ಎಲ್ರಿಗೂ ರೌಫ್ ಮಾಡಿದ್ದು ಅನ್ನೋರು. ಅಲ್ಲಿಗೆ ಹೋದೆ. ಕೂಲಿ ಮಾಡ್ತಾ ಸಂಜೆ ಕಾಲೇಜಲ್ಲಿ ಓದಿ ಇಂಜಿನಿಯರ್ ಆದೆ. ಆದ್ರೂ ದೊಡ್ಡೋರು ಯಾರಾದ್ರೂ ಬಂದು ಇದು ಯಾರ ಕೆಲ್ಸ ಅಂದ್ರೆ ನನ್ ಕಾಲು ತಾನಾಗೇ ಹಿಂದಕ್ಕೆ ಹೋಗೋದು. ಪಕ್ಕದಲ್ಲಿದ್ದೋನು ನಂದು ಅನ್ನೋನು. ಅಲ್ಲಿ ಪರದೆ ಇರ್ಲಿಲ್ಲ ಭಾಯ್. ನಾನೇ ಇಲ್ಲಿಂದ ಒಯ್ದಿದ್ದೆ.”

ಸಾಹೇಬರು ತಲೆ ತಗ್ಗಿಸಿದರು.

“ಹನ್ನೊಂದು ವರ್ಷ ಹಂಗೇ ಹೋತು. ಒಂದಿನ ನನ್ ಚಿಪ್ಪಿನ ನಕ್ಷೆ ಬೇರೆಯೋನ ಹೆಸ್ರಲ್ಲಿ ಗೋಡೆಗೆ ಹಾಕಿದ್ರು. ಅವತ್ತೇ ಎದ್ದು ಬಂದೆ. ಇಬ್ರು ಗೆಳತೀರ ಜೊತೆ ಬಾಡಿಗೆ ಕೋಣೇಲಿ ಸ್ವಂತದ್ದು ಶುರು ಮಾಡ್ದೆ. ಎರಡ್ ಸಲ ಮುಳುಗ್ತು, ಮೂರನೇ ಸಲ ನಿಂತ್ಕಂತು. ಆ ಹನ್ನೊಂದು ವರ್ಷ ಮಾತ್ರ ಯಾರೂ ವಾಪಸ್ ಕೊಡ್ಲಿಲ್ಲ.”

ಗಾಳಿಗೆ ಪರದೆ ಒಮ್ಮೆ ಉಬ್ಬಿ ಇಳಿಯಿತು. ರೌಫ್ ಸಾಹೇಬರಿಗೆ ಎಚ್ಚರವಿದ್ದೂ ಜೊಂಪು ಹತ್ತಿದಂತಾಗಿ, ಆ ಬಿಳಿ ಕೋಣೆ ಕಣ್ಣೆದುರು ಬಂತು. ಈ ಸಲ ಅಂಜುಮ್ ಹಿಂದೆ ಹಿಂದೆ ಸರಿಯುತ್ತಿದ್ದಳು, ಮುಂದೆ ನಿಂತು ‘ನಂದು’ ಎನ್ನುತ್ತಿದ್ದವನಿಗೆ ತಮ್ಮದೇ ಮುಖ.

“ಎಲ್ಲಾ ಇವ್ಳದೇ ಕೆಲ್ಸ,” ಎಂದರು. “ಫರಾಜ್‌ದು ಒಂದೂ ಇಲ್ಲ.”

“ನೀನೇನಂತೀಯ ಬೇಟಿ? ಕೇಂದ್ರ ನಡೆಸ್ತೀಯಾ?” ಎಂದಳು ಅಂಜುಮ್.

ನೂರೀನ್ ತಟ್ಟೆ ಕೆಳಗಿಟ್ಟು ತನ್ನ ಅಜ್ಜನನ್ನೂ ಈ ಅಜ್ಜಿಯನ್ನೂ ನೋಡಿದಳು. “ನಡೆಸ್ತೀನಿ ದಾದಿ. ಆದ್ರೆ ಹೊಸದುರ್ಗದೋರಿಗೂ ದಾದಾನೇ ಹೇಳ್ಬೇಕು. ಅಲ್ಲಿಗೆ ಹೋಗಿ ಮತ್ತೆ ಬಚ್ಚಿಟ್ಕಂಡು ಬಾಳಕ್ಕೆ ನನ್ ಕೈಲಿ ಆಗಲ್ಲ.”

ಸಾಹೇಬರು ಫೋನ್ ತೆಗೆದರು. ಕಿವಿ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರ್. ಆ ಕಡೆ ಸಿಕ್ಕವರು ಅತೀಫನ ಅಜ್ಜಿ ತಾಜ್ ಬೀ.

“ಬೀ, ನಾನು ರೌಫ್. ನಿಮಗೊಂದು ಸುಳ್ಳು ಹೇಳಿದ್ದೆ. ನಮ್ ನೂರೀನ್ ಬರೀ ಅಡಿಗೆ ಕಲ್ತಾಳೆ ಅಂದಿದ್ದೆ. ಈ ಅಂಗಡಿ ನಡಿತಿರೋದೇ ಅವ್ಳ ಕೈಯಿಂದ. ಮದ್ವೆ ಆದ್ಮೇಲೂ ಈ ಕೆಲ್ಸ ಬಿಡಲ್ಲ. ಇದಕ್ಕೆ ನೀವು ಬೇಡ ಅಂದ್ರೂ ನಂಗೆ ಬೇಜಾರಿಲ್ಲ.”

ಫೋನ್ ಕಟ್ಟಾಯಿತೇನೋ ಎಂದು ಸಾಹೇಬರು ಅದರ ಸ್ಕ್ರೀನ್ ನೋಡುವಷ್ಟರಲ್ಲಿ ಮುದುಕಿಯ ದನಿ ಬಂತು.

“ರೌಫ್ ಭಾಯ್, ಮದ್ವೆ ಮಾತು ಮನೇಲಿ ಕೇಳಿ ಹೇಳ್ತೀನಿ. ಗಂಡಸ್ರು ಏನಂತಾರೋ ಗೊತ್ತಿಲ್ಲ. ಹೊಸದುರ್ಗದಾಗೆ ಎಲ್ರೂ ನಮ್ಮನೆ ಶೇರ್ವಾನಿ ಹೊಲಿಗೆ ಹೊಗಳ್ತಾರಲ್ಲ, ನಲವತ್ತು ವರ್ಷದಿಂದ ಅದನ್ನ ಹೊಲ್ದಿರೋದು ನಾನು. ಅಂಗಡೀಲಿ ಕೊರಳಿಗೆ ಅಳತೆ ಟೇಪ್ ಹಾಕ್ಕಂಡು ಕುಂತಿದ್ದೋರು ನಮ್ ಯಜಮಾನ್ರು. ಇವತ್ತಿಗೂ ಯಾರಿಗೂ ಹೇಳಿಲ್ಲ, ನಿಮಗೇ ಮೊದ್ಲು ಹೇಳ್ತಿದೀನಿ.”

ರೌಫ್ ಸಾಹೇಬರು ಫೋನ್ ಇಟ್ಟು ಕುರ್ಚಿಯಿಂದ ಎದ್ದರು. ಅದರ ಮೇಲಿನ ಧೂಳನ್ನು ಟವೆಲ್ಲಿನಿಂದ ಕೊಡವಿದರು.

“ಬಾ ಬೇಟಿ, ಇಲ್ಲಿ ಬೆಳಕು ಚೆನ್ನಾಗೈತೆ.”